ನೀರುಗಂಟಿಗೆ ಕೇಳದ ಕೂಗು

18 ಜೂನ್ 2023
ದೇವದುರ್ಗ ತಾಲ್ಲೂಕು, ರಾಯಚೂರು ಜಿಲ್ಲೆ

ಮಂಜುನಾಥ ಅವರಿಗೆ,

ನಿಮ್ಮ ಹೆಂಡತಿ ಹೇಮಾಶ್ರೀ ಬರೆಯುವುದು. ಏಳು ವರ್ಷ ಒಂದೇ ಮನೆಯಲ್ಲಿದ್ದವರು ಹೀಗೆ ಹೆಸರು ಹೇಳಿಕೊಂಡು ಬರೆಯುವುದು ನಗೆಯ ವಿಷಯ. ಆದರೆ ಕಾಗದ ಅಂದರೆ ಹೀಗೇ ಶುರುವಾಗಬೇಕೆಂದು ನಮ್ಮಪ್ಪ ಕಲಿಸಿದ್ದು.

ಇದು ಹೆಣ್ಣುಮಕ್ಕಳ ವಸತಿ ಶಾಲೆ. ಮಕ್ಕಳ ಕೈಗೆ ಫೋನು ಸಿಗಬಾರದೆಂದು ಟೀಚರುಗಳ ಫೋನನ್ನೂ ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಭಾನುವಾರ ಅರ್ಧ ಗಂಟೆ ಕೊಡುತ್ತಾರೆ. ಹೋದ ಭಾನುವಾರ ಆ ಅರ್ಧ ಗಂಟೆಯಲ್ಲಿ ನನಗೆ ಕೇಳಿಸಿದ್ದು ನಮ್ಮ ತೋಟದ ಮೋಟರಿನ ಸದ್ದು, ಒಂದು ನವಿಲು, ಆಮೇಲೆ ನಿಮ್ಮ ಒಂಬತ್ತು ‘ಹೂಂ’. ಊರಿಗೆಲ್ಲ ಕಥೆ ಹೇಳಿ ನಗಿಸುವ ಬಾಯಿ ನನ್ನ ಮುಂದೆ ಮಾತ್ರ ಕಟ್ಟಿಹೋಗುತ್ತದೆ. ಕಾಗದದ ಮುಂದೆಯೂ ಕಟ್ಟುತ್ತದೋ ನೋಡೋಣ. ಬರೆಯಿರಿ.

ಕೆಲಸದ ಆರ್ಡರು ಬಂದ ದಿನ ಅದನ್ನು ನಿಮ್ಮ ಕೈಗೆ ಕೊಟ್ಟು ಎದುರಿಗೆ ನಿಂತಿದ್ದೆ. ಜಗಲಿಯ ಮೇಲೆ ಕೂತಿದ್ದ ನೀವು ಕಾಗದವನ್ನೇ ನೋಡುತ್ತ, “ನಿನ್ನಿಷ್ಟ ಕಣೇ” ಅಂದಿರಿ. ಕಣ್ಣು ಕಾಗದದಿಂದ ಮೇಲಕ್ಕೆ ಬರುತ್ತದೇನೋ ಎಂದು ಬಹಳ ಹೊತ್ತು ನಿಂತೆ. ಬರಲಿಲ್ಲ. ಹೊರಟುಬಂದೆ.

ಇಲ್ಲಿಯ ಬಾಗಿಲುಗಳು ಗಿಡ್ಡ. ಮೂರು ಸಲ ಹಣೆ ಬಡಿಸಿಕೊಂಡಿದ್ದೇನೆ. ಮಕ್ಕಳು, “ಟೀಚರ್, ನೀವು ಬಾಳ ಉದ್ದ ಅದೀರಿ” ಎಂದು ನಗುತ್ತವೆ. ಅತ್ತೆಗೆ ನಮಸ್ಕಾರ ತಿಳಿಸಿ.

ಹೇಮಾಶ್ರೀ


2 ಜುಲೈ 2023
ಹಳೇಬೀಡು

ಹೇಮಾ,

ಇಲ್ಲಿ ನಾನು, ಅವ್ವ, ಎರಡು ಹಸು, ನೀನು ಸಾಕಿದ ಕರಿ ಬೆಕ್ಕು ಎಲ್ಲರೂ ಕ್ಷೇಮ. ಬೆಕ್ಕು ನಿನ್ನ ಸೀರೆಪೆಟ್ಟಿಗೆಯ ಮೇಲೆ ಬಿಟ್ಟು ಬೇರೆಲ್ಲೂ ಮಲಗುವುದಿಲ್ಲ. ಅವ್ವ ಎಬ್ಬಿಸಲು ಹೋದರೆ ಉಗುರು ತೋರಿಸುತ್ತದೆ. ಮನಸ್ಸಿನಲ್ಲಿರುವುದನ್ನು ತೋರಿಸಿಕೊಳ್ಳುವ ಧೈರ್ಯ ಅದಕ್ಕಿದೆ.

ಒಂಬತ್ತು ಹೂಂ ಎಂದು ಲೆಕ್ಕ ಇಟ್ಟಿದ್ದೀಯಲ್ಲ, ಅದರಲ್ಲಿ ನಾಲ್ಕು ‘ಯಾವಾಗ ಬತ್ತೀಯೆ’ ಅನ್ನುವ ಹೂಂ. ಮೇಡಂ ಆಗಿ ಅಷ್ಟೂ ತಿಳಿಯಲಿಲ್ಲವೇ?

ಜಾವಗಲ್ ಕಡೆಯ ತೋಟಗಳಿಗೆ ಕಾಯಿ ಕೀಳಲು ನಾನೀಗ ಹೋಗುತ್ತಿಲ್ಲ. ಕುಡುಗೋಲು ಕಟ್ಟಿದ ಆ ಮೂವತ್ತಡಿ ದೋಟಿಯನ್ನು ಪಕ್ಕದ ಮನೆ ಮರುಳಪ್ಪನಿಗೆ ಕೊಟ್ಟಿದ್ದೇನೆ. ಕತ್ತು ಹಿಡಿದುಕೊಂಡಿದೆ, ಅಷ್ಟೇ. ಅವ್ವ ಎಣ್ಣೆ ತಿಕ್ಕುತ್ತಾಳೆ, ತಿಕ್ಕುವಾಗ ನಿನ್ನನ್ನೂ ಸೇರಿಸಿ ಬೈಯುತ್ತಾಳೆ. ಎಣ್ಣೆಗಿಂತ ಆ ಬೈಗುಳ ಹಿತವಾಗಿದೆ, ಅದರಲ್ಲಿ ನಿನ್ನ ಹೆಸರು ಬರುತ್ತದಲ್ಲ.

ಕೆರೆಗೆ ನೀರು ಬರುತ್ತಿದೆ. ಅಲ್ಲಿ ಆಕಾಶ ಹೇಗಿದೆ? ಅದನ್ನು ಸ್ವಲ್ಪ ವಿವರವಾಗಿ ಬರಿ.

ಮಂಜುನಾಥ


23 ಜುಲೈ 2023
ದೇವದುರ್ಗ ತಾಲ್ಲೂಕು

ಮಂಜುನಾಥ ಅವರಿಗೆ,

ಹೆಂಡತಿ ಊಟ ಮಾಡುತ್ತಾಳೋ ಇಲ್ಲವೋ ಎಂದು ಕೇಳದೆ ಆಕಾಶ ಹೇಗಿದೆ ಎಂದು ಕೇಳಿದ ಗಂಡ ನೀವೊಬ್ಬರೇ ಇರಬೇಕು. ಆಯಿತು, ಬರೆಯುತ್ತೇನೆ. ಇಲ್ಲಿ ಮರ ಕಡಿಮೆ, ಆಕಾಶವೇ ಜಾಸ್ತಿ. ಬೆಳಿಗ್ಗೆ ಹತ್ತಿ ಹಿಂಜಿ ಹರವಿದ ಹಾಗೆ ಮೋಡ ಇರುತ್ತದೆ. ಮಧ್ಯಾಹ್ನಕ್ಕೆ ಎಲ್ಲ ಕರಗಿ ಕಾದ ಹೆಂಚಿನ ಬಣ್ಣ. ಸಂಜೆ ಐದೇ ಐದು ನಿಮಿಷ ನಮ್ಮ ಕೆರೆಯ ಮೇಲಿನ ಆಕಾಶದ ಹಾಗೆ ಕೆಂಪಾಗುತ್ತದೆ. ಆಗ ನಾನು ಹೊರಗೆ ಬರುವುದಿಲ್ಲ. ನಿಮ್ಮ ತಲೆಯ ಮೇಲೂ ಇದೇ ಆಕಾಶ ಇದೆಯಲ್ಲ, ನೋಡಿಕೊಳ್ಳಬಾರದೇ?

ನನ್ನ ಕೋಣೆಯಲ್ಲಿ ನಮ್ಮ ಬೇಲೂರು ಕಡೆಯ ಬಿಕ್ಕೋಡಿನ ಹುಡುಗಿ ನಂದಿತಾ ಇದ್ದಾಳೆ, ಅವಳೂ ಇಲ್ಲಿ ಟೀಚರು. ಇಷ್ಟು ಉದ್ದ ಇದ್ದೀರಲ್ಲ ಅಕ್ಕ, ಗಂಡು ಹೇಗೆ ಸಿಕ್ಕಿತು ಎಂದು ಕೇಳಿದಳು. ನಮ್ಮ ಮದುವೆಯ ಕಥೆ ಹೇಳಿದೆ. ನಡುಮಧ್ಯಾಹ್ನ ಪುರೋಹಿತರು ನಮ್ಮನ್ನು ಅಂಗಳಕ್ಕೆ ಕರೆತಂದು ಅರುಂಧತಿ ನಕ್ಷತ್ರ ನೋಡಿ ಎಂದಾಗ ಎಲ್ಲರೂ ಆಕಾಶ ನೋಡಿದರು, ನೀವು ನನ್ನ ಮುಖ ನೋಡಿದಿರಿ. ಗೇಣುದ್ದ ಮೇಲಿದ್ದ ನನ್ನ ಮುಖವನ್ನು. ಪುರೋಹಿತರು, “ಅಲ್ಲಿ ಕಣಪ್ಪ, ಮೇಲೆ” ಅಂದರು. ನೀವು, “ನಾನು ತೆಂಗಿನಕಾಯಿ ಕೀಳೋನು ಸ್ವಾಮಿ, ಮೇಲೆ ನೋಡೋದೇ ನನ್ನ ಕಸುಬು. ನಂಗಿಲ್ಲೇ ಕಾಣ್ತೈತೆ” ಅಂದಿರಿ. ಇಡೀ ಚಪ್ಪರ ನಕ್ಕಿತು. ಎತ್ತರ ಇದ್ದೇನೆಂದು ಹದಿನಾಲ್ಕನೇ ವಯಸ್ಸಿನಿಂದ ಬೆನ್ನು ಬಗ್ಗಿಸಿ ನಡೆದಿದ್ದ ನಾನು ಆವತ್ತು ಮೊದಲ ಸಲ ನೆಟ್ಟಗೆ ನಿಂತೆ.

ಕಥೆ ಕೇಳಿ ನಂದಿತಾ, “ಈಗ್ಲೂ ಹಂಗೇ ನೋಡ್ತಾರಾ ಅಕ್ಕ?” ಅಂದಳು. ಚಪಾತಿ ಸೀದು ಹೋಗುತ್ತಿದೆ ಎಂದು ಎದ್ದು ಬಂದೆ. ಆವತ್ತು ಮೆಸ್ಸಿನಲ್ಲಿ ಚಪಾತಿ ಇರಲಿಲ್ಲ.

ಹೇಮಾಶ್ರೀ


20 ಆಗಸ್ಟ್ 2023
ಹಳೇಬೀಡು

ಹೇಮಾ,

ಕಾಗದ ಸಣ್ಣದಾಯಿತೆಂದು ಮುನಿಸಿಕೊಳ್ಳಬೇಡ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೇ ಸಲಕ್ಕೆ ಸಾಲಿನ ಮೇಲೆ ಸಾಲು ಹತ್ತಿಕೊಂಡು ಅರುಂಧತಿ ಇಬ್ಬರಾದರು. ನಲವತ್ತು ತುಂಬಿತಲ್ಲ, ಚಾಳೀಸು ಬಂದಿರಬೇಕು. ಬರುವ ವಾರ ಇಲ್ಲಿಯ ಸ್ಕೂಲಿನಲ್ಲಿ ಕಣ್ಣಿನ ಶಿಬಿರ ಇದೆ, ಹಾಸನದಿಂದ ಬರುತ್ತಾರಂತೆ. ಹೋಗಿ ಕನ್ನಡಕ ಹಾಕಿಸಿಕೊಳ್ಳುತ್ತೇನೆ. ಹಾಕಿಕೊಂಡು ಮೊದಲು ಓದುವುದು ಆ ಐದು ನಿಮಿಷದ ಕೆಂಪು ಆಕಾಶವನ್ನು.

ಮಂಜುನಾಥ


17 ಸೆಪ್ಟೆಂಬರ್ 2023
ದೇವದುರ್ಗ ತಾಲ್ಲೂಕು

ಮಂಜುನಾಥ ಅವರಿಗೆ,

ಕನ್ನಡಕ ಬಂದಿರಬಹುದು ಎಂದುಕೊಂಡು ಉದ್ದ ಬರೆಯುತ್ತಿದ್ದೇನೆ.

ನಮ್ಮ ಟ್ರಸ್ಟಿನವರ ಇನ್ನೊಂದು ಶಾಲೆ ಬೇಲೂರಿನಲ್ಲಿದೆ. ಬರುವ ಜೂನಿಗೆ ಅಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಹೆಡ್‌ಮಿಸ್ಸು ರುಕ್ಮಿಣಮ್ಮನವರು ನನ್ನನ್ನು ಕರೆದು, “ನಿಮ್ಮೂರಿನ ಕಡೀದು, ಮೊದಲ ಹಕ್ಕು ನಿಮಗೇ. ಜನವರಿ ಮೂವತ್ತೊಂದರೊಳಗೆ ಹೂಂ ಅಥವಾ ಉಹೂಂ ಹೇಳ್ರಿ” ಅಂದರು. ಬೇಲೂರು ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ದಿನಾ ಸಂಜೆ ಮನೆಗೆ ಬರಬಹುದು.

ಬರಬಹುದು. ಆದರೆ ಅದಕ್ಕೆ ಮೊದಲು ಒಂದು ಪ್ರಶ್ನೆ. ಎರಡು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದೇನೆ.

ನಿಮ್ಮ ತಂಗಿಯ ಮಗು ಸಿರಿಯ ನಾಮಕರಣ ನೆನಪಿದೆಯೇ? ನೀವು ಎಲೆಯ ಮುಂದೆ ಕೂತಿದ್ದಿರಿ, ನಾನು ಪಾಯಸ ಬಡಿಸುತ್ತಿದ್ದೆ. ನೀವು ಕತ್ತನ್ನು ಹಿಂದಕ್ಕೆ ಚೆಲ್ಲಿ ನನ್ನ ಕಡೆ ನೋಡಿದಿರಿ. ನಿಮ್ಮ ಚಿಕ್ಕಪ್ಪ ಲಕ್ಕಪ್ಪ ಪಂಕ್ತಿಗೆಲ್ಲ ಕೇಳುವ ಹಾಗೆ, “ಏನ್ಲಾ ಮಂಜ, ಹೆಂಡ್ತಿ ಮಖ ನೋಡಾಕೆ ಏಣಿ ಹಾಕ್ಬೇಕೇನ್ಲಾ? ನೀರು ಕುಡ್ದ ಕೋಳಿ ಹಂಗೆ ಕತ್ತೆತ್ತೀಯಲ್ಲೋ” ಅಂದರು. ನೀವು ಎಲೆಯನ್ನು ಒತ್ತರಿಸಿ, ಪಾಯಸ ಚೆಲ್ಲಿ, ಎದ್ದು ಹೋದಿರಿ. ಆ ದಿನದಿಂದ ಇವತ್ತಿನವರೆಗೆ ನಿಂತಿರುವ ನನ್ನ ಮುಖವನ್ನು ನೀವು ನೋಡಿಲ್ಲ. ಮಾತನಾಡುವಾಗ ನನ್ನ ಸೀರೆಯ ನೆರಿಗೆಯ ಜೊತೆ ಮಾತನಾಡುತ್ತೀರಿ.

ಊರಿನವರ ನಗೆ ಕೊನೆಗೂ ನಿಮ್ಮೊಳಕ್ಕೆ ಹೋಯಿತು ಎಂದುಕೊಂಡಿದ್ದೇನೆ. ನನ್ನ ಎತ್ತರ ನಿಮಗೆ ನಾಚಿಕೆಯಾಗಿದೆ. ಅಲ್ಲ ಎನ್ನುವುದಾದರೆ ಹೇಳಿ, ನನ್ನ ಮುಖ ನೋಡುವುದನ್ನು ಯಾಕೆ ಬಿಟ್ಟಿರಿ? ಇದಕ್ಕೆ ಉತ್ತರ ಬಂದರೆ ಬೇಲೂರಿಗೆ ಹೂಂ ಅನ್ನುತ್ತೇನೆ.

ಹೇಮಾಶ್ರೀ


8 ಅಕ್ಟೋಬರ್ 2023
ಹಳೇಬೀಡು

ಹೇಮಾ,

ಕಣ್ಣಿನ ಶಿಬಿರಕ್ಕೆ ಹೋಗಿದ್ದೆ. ನಿನಗೆ ಹೇಳಬೇಕಾದದ್ದೊಂದು ಅಲ್ಲಿ ನಡೆಯಿತು. ನನ್ನ ಜೊತೆ ಮರುಳಪ್ಪನೂ ಬಂದಿದ್ದ. ಬೇಲೂರಿನ ದೇವಸ್ಥಾನದ ಪರಿಚಾರಕರು ಚಂದ್ರಶೇಖರಯ್ಯನವರ ಮಗಳು ಮೇಧಿನಿ ಎಂಬ ಹುಡುಗಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಮರುಳಪ್ಪನ ಕಣ್ಣಿಗೆ ಟಾರ್ಚು ಬಿಟ್ಟಳು. ಎಲ್ಲರಿಗೂ ಬೆಳಕು ಬಿದ್ದರೆ ಕಣ್ಣಿನ ನಡುವಿನ ಕಪ್ಪು ಸಣ್ಣದಾಗುತ್ತದಂತೆ. ಅವನದು ಆಗಲಿಲ್ಲ. ಹುಡುಗಿ ಟಾರ್ಚನ್ನೇ ಎರಡು ಸಲ ಕುಟ್ಟಿ ನೋಡಿದಳು. ಆಮೇಲೆ ತನ್ನ ಬೆರಳನ್ನು ಅವನ ಮೂಗಿನ ಹತ್ತಿರಕ್ಕೆ ತರುತ್ತ, “ಇದನ್ನೇ ನೋಡ್ತಿರಿ ಅಣ್ಣ” ಅಂದಳು. ಬೆರಳು ಹತ್ತಿರ ಬಂದ ಹಾಗೆ ಕಪ್ಪು ಸಣ್ಣದಾಯಿತು. ಬೆಳಕಿಗೆ ಜಗ್ಗದ ಕಣ್ಣು ಹತ್ತಿರ ಬಂದದ್ದಕ್ಕೆ ಜಗ್ಗಿತು.

ಮೇಲೆ ನೋಡಿ ಅಂದಳು. ಅವನ ಕಣ್ಣು ಮೇಲೇಳಲಿಲ್ಲ. ಆಗ ಅವನ ತಲೆ ಹಿಡಿದು, ನೋಟ ಬೆರಳಿನ ಮೇಲೇ ಇರಲಿ ಎಂದು ಹೇಳಿ ಮೆಲ್ಲಗೆ ಮುಂದಕ್ಕೆ ಬಗ್ಗಿಸಿದಳು. ತಲೆ ಕೆಳಗೆ ಹೋದ ಹಾಗೆ ಕಣ್ಣು ತಾನಾಗಿ ಮೇಲೆದ್ದಿತು. ಕಣ್ಣು ಕೆಟ್ಟಿಲ್ಲ, ನರ ಸತ್ತಿಲ್ಲ, ‘ಮೇಲೆ ನೋಡು’ ಎಂಬ ಅಪ್ಪಣೆ ದಾರಿಯಲ್ಲೆಲ್ಲೋ ನಿಂತುಹೋಗಿದೆ ಎಂದಳು.

ಬೋರ್ಡಿನ ಮೇಲೆ ಚಿತ್ರವನ್ನೂ ಬರೆದಳು. ಮೆದುಳಿನ ನಟ್ಟನಡುವೆ ರಾಗಿಕಾಳಿನಷ್ಟು ದಪ್ಪದ ಒಂದು ಗಂಟು ಇದೆಯಂತೆ. ಕಣ್ಣೊಳಗೆ ಎಷ್ಟು ಬೆಳಕು ಬಿಡಬೇಕು ಎಂದು ತೀರ್ಮಾನಿಸುವುದು ಅದು. ಅದರ ಅಕ್ಕಪಕ್ಕದಲ್ಲೇ ಕಣ್ಣನ್ನು ಮೇಲಕ್ಕೆತ್ತುವವರ ಮನೆಯೂ ಇದೆ. ನನಗೆ ತಕ್ಷಣ ನಮ್ಮಜ್ಜ ನೆನಪಾದ. ಈ ಕೆರೆಯ ನೀರುಗಂಟಿ ಅವನು, ತೂಬು ಎತ್ತುವುದು ಇಳಿಸುವುದು ಅವನ ಕೆಲಸ. ವಯಸ್ಸಾದ ಮೇಲೆ ಕಿವಿ ಹೋಯಿತು. ಕೆಳಗಿನ ಗದ್ದೆಯವರು, “ನೀರು ಸಾಕು, ತೂಬು ಇಳ್ಸಪ್ಪೋ” ಎಂದು ಏರಿಯ ಆ ತುದಿಯಿಂದ ಎಷ್ಟು ಕೂಗಿದರೂ ಅವನು ತೂಬಿನ ಕಲ್ಲಿನ ಮೇಲೆ ಕೂತೇ ಇರುತ್ತಿದ್ದ. ಸತ್ತನೋ ಎಂದು ಹತ್ತಿರ ಬಂದು ಹೆಗಲು ಮುಟ್ಟಿದರೆ ಎದ್ದು ತೂಬು ಇಳಿಸುತ್ತಿದ್ದ. ಮರುಳಪ್ಪನ ತಲೆಯೊಳಗೆ ಕೂತಿರುವವನೂ ಹಾಗೇ. ದೂರದ ಕೂಗು ಕೇಳುವುದಿಲ್ಲ, ಹತ್ತಿರ ಬಂದು ಮುಟ್ಟಿದರೆ ಏಳುತ್ತಾನೆ.

ಬೇಲೂರಿನ ವಿಷಯ ಒಳ್ಳೆಯದು. ನಿನ್ನ ಪ್ರಶ್ನೆಗೆ ಇನ್ನೊಂದು ದಿನ ಬರೆಯುತ್ತೇನೆ. ನನಗೆ ಕನ್ನಡಕ ಕೊಟ್ಟರು.

ಮಂಜುನಾಥ


29 ಅಕ್ಟೋಬರ್ 2023
ದೇವದುರ್ಗ ತಾಲ್ಲೂಕು

ಮಂಜುನಾಥ ಅವರಿಗೆ,

ಮರುಳಪ್ಪನವರ ವಿಷಯ ಓದಿ ಸಂಕಟವಾಯಿತು. ಆದರೆ ನಿಮ್ಮ ಬುದ್ಧಿಗೆ ಏನು ಹೇಳಲಿ? ಮೇಲೆ ನೋಡಲಾಗದ ಮನುಷ್ಯನ ಕೈಗೆ ದೋಟಿ ಕೊಟ್ಟು ತೆಂಗಿನ ಮರದ ಕೆಳಗೆ ನಿಲ್ಲಿಸಿದ್ದೀರಲ್ಲ. ನೆತ್ತಿಯ ಮೇಲೆ ಕಾಯಿ ಬಿದ್ದರೆ? ಮೊದಲು ಹೋಗಿ ಅದನ್ನು ಕಿತ್ತುಕೊಳ್ಳಿ. ಹಾಸನಕ್ಕೋ ಅದಕ್ಕಿಂತ ದೊಡ್ಡ ಆಸ್ಪತ್ರೆಗೋ ಕರೆದುಕೊಂಡು ಹೋಗಿ.

ಅವರು ಹೆಂಡತಿಗೆ ಹೇಳಿದ್ದಾರೋ ಇಲ್ಲವೋ? ಹೇಳಲು ಹೇಳಿ. ಗಂಡನ ನೋವು ಊರಿಗೆಲ್ಲ ತಿಳಿದು ತನಗೊಬ್ಬಳಿಗೇ ತಿಳಿಯದೆ ಹೋಯಿತೆಂದು ಗೊತ್ತಾದಾಗ ಆ ಹೆಂಗಸು ಹೇಗೆ ತಡೆದುಕೊಳ್ಳುತ್ತಾಳೆ?

ಇಷ್ಟೆಲ್ಲ ಬರೆದಿರಿ, ರಾಗಿಕಾಳು, ತೂಬು, ಅಜ್ಜ. ಎಲ್ಲ ಚೆನ್ನಾಗಿತ್ತು, ಮಕ್ಕಳಿಗೂ ಓದಿ ಹೇಳಿದೆ. ನಾನು ಕೇಳಿದ್ದೊಂದನ್ನು ಬಿಟ್ಟು. ಇನ್ನೊಂದು ದಿನ ಎಂದರೆ ಯಾವ ದಿನ?

ಹೇಮಾಶ್ರೀ


26 ನವೆಂಬರ್ 2023
ದೇವದುರ್ಗ ತಾಲ್ಲೂಕು

ಮಂಜುನಾಥ ಅವರಿಗೆ,

ಒಂದು ತಿಂಗಳಾಯಿತು, ಕಾಗದವಿಲ್ಲ. ಭಾನುವಾರ ಫೋನು ಮಾಡಿದರೆ ಅತ್ತೆ ಎತ್ತಿಕೊಂಡು, ನೀವು ಕೊಬ್ಬರಿ ವ್ಯಾಪಾರಕ್ಕೆ ತಿಪಟೂರಿಗೆ ಹೋಗಿದ್ದೀರಿ ಅಂದರು. ಹಿಂದಿನ ಭಾನುವಾರವೂ ಅದನ್ನೇ ಅಂದಿದ್ದರು. ಅತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳುವಾಗ ನನ್ನನ್ನು ಬಹುವಚನದಲ್ಲಿ ಮಾತನಾಡಿಸುತ್ತಾರೆ. ನನ್ನ ಜೊತೆ ಮಾತು ಬೇಡ ಎಂದು ನೀವೇ ಹೇಳಿಕೊಟ್ಟಿರಬೇಕು.

ಸಂಜೆಯ ಐದು ನಿಮಿಷದ ಕೆಂಪನ್ನು ಈಗ ಹೊರಗೆ ಬಂದು ನಿಂತು ನೋಡುತ್ತೇನೆ. ಯಾರಿಗಾದರೂ ಬರೆದು ಕಳಿಸಬೇಕಲ್ಲ ಎನ್ನುವ ಅಭ್ಯಾಸ.

ಹೇಮಾಶ್ರೀ


31 ಡಿಸೆಂಬರ್ 2023
ದೇವದುರ್ಗ ತಾಲ್ಲೂಕು

ಮಂಜುನಾಥ ಅವರಿಗೆ,

ಹೌದು ಎಂದಾದರೂ ಬರೆಯಿರಿ. ಲಕ್ಕಪ್ಪ ಚಿಕ್ಕಪ್ಪ ಹೇಳಿದ್ದು ನಿಜ, ಕತ್ತೆತ್ತಿ ಎತ್ತಿ ಸಾಕಾಯಿತು ಎಂದು ಒಂದು ಸಾಲು. ಅದನ್ನು ನಾನು ತಡೆದುಕೊಳ್ಳಬಲ್ಲೆ. ಖಾಲಿ ಅಂಚೆಯನ್ನು ತಡೆದುಕೊಳ್ಳಲು ಆಗುವುದಿಲ್ಲ.

ಇನ್ನು ಒಂದು ತಿಂಗಳಿದೆ.

ಹೇಮಾಶ್ರೀ


27 ಜನವರಿ 2024
ಹಳೇಬೀಡು

ಹೇಮಾ,

ನಿನ್ನ ಎರಡು ಕಾಗದ ಮೊನ್ನೆ ಒಟ್ಟಿಗೆ ಓದಿದೆ. ನಾನು ಮನೆಗೆ ಬಂದದ್ದೇ ಮೊನ್ನೆ. ತಿಪಟೂರಿನಿಂದಲ್ಲ, ಆಸ್ಪತ್ರೆಯಿಂದ.

ಮರುಳಪ್ಪನ ಕಣ್ಣು ಗಿಡುಗನ ಕಣ್ಣು. ಅವನು ಈಗಲೂ ದೋಟಿ ಹಿಡಿದು ದಿನಕ್ಕೆ ಐವತ್ತು ಮರದ ಕಾಯಿ ಇಳಿಸುತ್ತಾನೆ. ನಾನು ಬರೆದ ಆ ಮರುಳಪ್ಪ ನಾನೇ. ದೋಟಿ ಕಿತ್ತುಕೊಳ್ಳಿ ಎಂದು ನನ್ನನ್ನು ಬೈದಿದ್ದೆಯಲ್ಲ, ಓದಿ ನಕ್ಕೆ, ಆಮೇಲೆ ನಗಲಾಗಲಿಲ್ಲ. ಅದು ನನ್ನ ಕೈಯಿಂದ ಹೋಗಿ ಆಗಲೇ ಬಹಳ ದಿನವಾಗಿತ್ತು.

ಶುರುವಾದದ್ದು ಸಿರಿಯ ನಾಮಕರಣಕ್ಕೂ ಸ್ವಲ್ಪ ಮೊದಲು. ಮರದ ತುದಿ ನೋಡಲು ಹೋದರೆ ಕಣ್ಣು ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಕತ್ತನ್ನು ಹಿಂದಕ್ಕೆ ಚೆಲ್ಲಿದರೆ ಕಾಣುತ್ತಿತ್ತು, ಆದರೆ ಒಂದು ಗೊನೆ ಎರಡಾಗಿ. ತಲೆ ಸುತ್ತುತ್ತಿತ್ತು. ಆವತ್ತು ಪಂಕ್ತಿಯಲ್ಲಿ ನೀನು ಹೊಸ ಹಸಿರು ಸೀರೆ ಉಟ್ಟಿದ್ದೆ. ನೋಡಲೇಬೇಕು ಅನ್ನಿಸಿತು. ಕತ್ತೆತ್ತಿದೆ. ಇಬ್ಬರು ಹೇಮಾ ಕಂಡರು, ಒಬ್ಬಳ ತಲೆಯ ಮೇಲೊಬ್ಬಳು. ಚಿಕ್ಕಪ್ಪ ಏನಂದನೋ ನನಗೆ ಕೇಳಿಸಲೇ ಇಲ್ಲ. ಬೀಳುವ ಹಾಗಾಗಿ ಕೈಯೂರಿದೆ, ಕೈ ಎಲೆಯ ಮೇಲೆ ಬಿತ್ತು. ಎದ್ದು ಹೋದದ್ದು ಹಿತ್ತಲಿಗೆ, ವಾಂತಿ ಮಾಡಲು. ಅದು ನಿನಗೆ ಹಾಗೆ ಕಂಡಿತು ಎಂದು ನಿನ್ನ ಕಾಗದ ಓದುವವರೆಗೆ ನನಗೆ ಗೊತ್ತಿರಲಿಲ್ಲ. ನೀನು ಕೆಲಸ ಸಿಕ್ಕಿತೆಂದು ಹೋದೆ, ಓದಿದವಳು, ಹೋಗುವವಳೇ ಎಂದು ನಾನು ತಿಳಿದುಕೊಂಡಿದ್ದೆ.

ಆರ್ಡರು ಕೊಟ್ಟ ದಿನವೂ ಅಷ್ಟೇ. ನೀನು ಎದುರಿಗೆ ನಿಂತಿದ್ದೆ. ಹೋಗಬೇಡ ಎಂದು ಹೇಳುವುದಿದ್ದರೆ ಮುಖ ನೋಡಿ ಹೇಳಬೇಕಿತ್ತು. ಮುಖ ಇರುವ ಕಡೆಗೆ ಕಣ್ಣು ಹೋಗಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಮೇಲೆ ನೋಡೋದೇ ನನ್ನ ಕಸುಬು ಎಂದು ಚಪ್ಪರದಲ್ಲಿ ಬೀಗಿದವನು ನಾನು. ನೀನು ನೆಟ್ಟಗೆ ನಿಂತದ್ದು ಆ ಮಾತಿನಿಂದ ಎಂದು ನೀನೇ ಬರೆದಿದ್ದೀಯ. ಆ ಕಸುಬೇ ಹೋಯಿತೆಂದು ಯಾವ ಬಾಯಿಂದ ಹೇಳಲಿ? ಬೇಲೂರಿನ ಸುದ್ದಿ ಬಂದಮೇಲಂತೂ ಇನ್ನೂ ಕಷ್ಟವಾಯಿತು. ಈಗ ಹೇಳಿದರೆ ನೀನು ಬಂದೇ ಬರುತ್ತೀಯ. ಆದರೆ ನೀನು ಬಂದೆಯೋ ನಿನ್ನ ಕನಿಕರ ಬಂತೋ ಎಂದು ಸಾಯುವವರೆಗೆ ನನಗೆ ಅನುಮಾನ ಇರುತ್ತಿತ್ತು.

ಮೇಧಿನಿ ಬಿಡಲಿಲ್ಲ. ನವೆಂಬರಿನಲ್ಲಿ ತಾನೇ ಬಂದು ಅವ್ವನನ್ನು ಒಪ್ಪಿಸಿ ನನ್ನನ್ನು ಸ್ಕ್ಯಾನಿಗೆ ದೊಡ್ಡ ಆಸ್ಪತ್ರೆಗೆ ಕಳಿಸಿದಳು. ಆ ರಾಗಿಕಾಳಿನ ನೆತ್ತಿಯ ಮೇಲೆ ಅವರೆಕಾಳಿನಷ್ಟು ನೀರಿನ ಗುಳ್ಳೆ ಕೂತು ಅಮುಕುತ್ತಿತ್ತಂತೆ. ತಲೆಯೊಳಗೆ ಹರಿಯುವ ನೀರಿಗೂ ಅಡ್ಡ ಬಂದಿತ್ತು. ತಡ ಮಾಡಿದ್ದರೆ ನೋಟವೇ ಹೋಗುತ್ತಿತ್ತು ಅಂದರು. ಡಿಸೆಂಬರಿನಲ್ಲಿ ಸಣ್ಣ ತೂತು ಕೊರೆದು ಗುಳ್ಳೆ ಒಡೆದು ನೀರಿಗೆ ಹೊಸ ದಾರಿ ಮಾಡಿದರು. ನೋಡು, ನೀರುಗಂಟಿಯ ಮೊಮ್ಮಗನ ತಲೆಯಲ್ಲೇ ತೂಬು ಇಡಬೇಕಾಯಿತು. ಆಮೇಲೆ ಜ್ವರ ಬಂದು ಐದು ವಾರ ಅಲ್ಲೇ ಉಳಿದೆ. ಮಲಗಿದ್ದಾಗ ಛಾವಣಿ ಕಾಣುತ್ತಿತ್ತು. ಮಲಗಿದವನಿಗೆ ಆಕಾಶ ಎದುರಿಗೇ ಬರುತ್ತದೆ, ಕಣ್ಣೆತ್ತಬೇಕಾಗಿಲ್ಲ. ಅಲ್ಲಿ ಆಕಾಶವಿರಲಿಲ್ಲ, ಸುಣ್ಣದ ಛಾವಣಿ. ಅದರ ಮೇಲೆ ನಿನ್ನ ಐದು ನಿಮಿಷದ ಕೆಂಪನ್ನು ದಿನಾ ಬಳಿದುಕೊಳ್ಳುತ್ತಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ ಇದು. ನಿನ್ನ ಮುಖ ನೋಡುವುದನ್ನು ನಾನು ಬಿಡಲಿಲ್ಲ. ಅದು ನನ್ನ ಕಣ್ಣಿಗೆ ಎಟುಕದೆ ಹೋಯಿತು.

ಬೇಲೂರಿಗೆ ಹೂಂ ಅನ್ನು. ಬಾ. ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ. ಮಾತಿನಲ್ಲಿ ಹೇಳಲು ಆಗದೆ ಇಷ್ಟು ಬರೆದೆ, ಫೋನಿನಲ್ಲಿ ಮತ್ತೆ ಹೂಂ ಅಂದುಬಿಡುತ್ತೇನೇನೋ ಎಂಬ ಭಯ.

ಮಂಜುನಾಥ


31 ಜನವರಿ 2024
ದೇವದುರ್ಗ ತಾಲ್ಲೂಕು

ಮಂಜುನಾಥ ಅವರಿಗೆ,

ಇವತ್ತು ನಾಲ್ಕು ಗಂಟೆಯ ಅಂಚೆ ನೋಡಿಕೊಂಡು ಐದು ಗಂಟೆಗೆ ರುಕ್ಮಿಣಮ್ಮನವರ ಕೋಣೆಗೆ ಹೋದೆ. ಬೇಲೂರು ಬೇಡ ಎಂದು ಬರೆದುಕೊಟ್ಟೆ. ಆ ಜಾಗಕ್ಕೆ ನಂದಿತಾ ಹೋಗುತ್ತಾಳೆ. ಬಿಕ್ಕೋಡಿಗೆ ಹತ್ತಿರವಾಯಿತೆಂದು ಕುಣಿಯುತ್ತಿದ್ದಾಳೆ.

ನಿಮ್ಮನ್ನು ದೂರುವುದಿಲ್ಲ. ಬೆಕ್ಕು ಮಲಗುವ ಆ ಸೀರೆಪೆಟ್ಟಿಗೆಯನ್ನು ಯಾರಾದರೂ ಈ ಕಡೆ ಬರುವವರ ಕೈಗೆ ಕೊಟ್ಟು ಕಳಿಸಿ. ಹಸಿರು ಸೀರೆ ಬೇಡ, ಅದನ್ನು ಅಲ್ಲೇ ಯಾರಿಗಾದರೂ ಕೊಡಿ.

ಹೇಮಾಶ್ರೀ


8 ಫೆಬ್ರವರಿ 2024
ದೇವದುರ್ಗ ತಾಲ್ಲೂಕು

ರೀ,

ನಿಮ್ಮ ಕಾಗದ ಇವತ್ತು ಬಂತು. ಹನ್ನೆರಡು ದಿನ ಎಲ್ಲಿ ಸುತ್ತುತ್ತಿತ್ತೋ. ಲಕೋಟೆಯ ಮೇಲೆ ಊರಿನ ಹೆಸರು ಎರಡೆರಡು ಸಲ ಬರೆದಿದ್ದೀರಿ, ಒಂದರ ಮೇಲೊಂದು. ಪೋಸ್ಟ್‌ಮ್ಯಾನು ಅದನ್ನು ತೋರಿಸಿ ನಕ್ಕ. ನಾನು ನಗಲಿಲ್ಲ.

ಹೋದ ಅಕ್ಟೋಬರಿನಲ್ಲಿ ನಾನೇ ಬರೆದಿದ್ದೆ, ಮರುಳಪ್ಪನವರ ಹೆಂಡತಿ ಹೇಗೆ ತಡೆದುಕೊಳ್ಳುತ್ತಾಳೆ ಎಂದು. ಹೇಗೆಂದು ಇವತ್ತು ಗೊತ್ತಾಯಿತು. ಮೂರು ಪೀರಿಯಡ್ ಪಾಠ ಮಾಡಿದಳು. ಆಮೇಲೆ ಬಟ್ಟೆ ಒಣಗಿಸುವ ಹಗ್ಗದ ಹತ್ತಿರ ಹೋಗಿ ಒದ್ದೆ ಟವಲಿನಲ್ಲಿ ಮುಖ ಮುಚ್ಚಿಕೊಂಡು ನಿಂತಳು.

ನಿಮ್ಮ ಮೇಲೆ ನನಗೆ ಎಷ್ಟು ಕೋಪ ಇದೆ ಎಂದರೆ ಅದನ್ನು ಬರೆಯಲು ಇಲ್ಲಿಯ ಅಂಗಡಿಯಲ್ಲಿ ಅಷ್ಟು ಕಾಗದವಿಲ್ಲ. ಕನಿಕರವಂತೆ. ನಿಮ್ಮ ತಲೆ ಕೊರೆಯುವಾಗ ನಾನು ಇಲ್ಲಿ ಸಂಧಿ ಸಮಾಸ ಹೇಳಿಕೊಡುತ್ತಿದ್ದೆ.

ಈ ಭಾನುವಾರದ ಅರ್ಧ ಗಂಟೆಗೆ ಫೋನು ಮಾಡುತ್ತೇನೆ. ನೀವು ಹೂಂ ಅಂದರೆ ಸಾಕು. ಬರೀ ಹೂಂ ಅನ್ನಿ, ಅರ್ಧ ಗಂಟೆಯೂ.

ನಂದಿತಾಳ ಹತ್ತಿರ ಆ ಜಾಗ ವಾಪಸು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳಾಗಲೇ ತನ್ನ ಅವ್ವನಿಗೆ ಹೇಳಿಬಿಟ್ಟಿದ್ದಾಳೆ. ರುಕ್ಮಿಣಮ್ಮನವರು, “ಬರೋ ವರ್ಷ ನೋಡೋಣ್ರಿ” ಅಂದರು. ಒಂದು ವರ್ಷ. ಎಂಟು ದಿನ ಮೊದಲು ಬರೆದಿದ್ದರೆ ಇಲ್ಲದ ವರ್ಷ.

ನಿಮ್ಮ ಹೇಮಾ


3 ಮಾರ್ಚ್ 2024
ಹಳೇಬೀಡು

ಹೇಮಾ,

ಪೆಟ್ಟಿಗೆ ಕಳಿಸಲು ಆಗುವುದಿಲ್ಲ. ಬೆಕ್ಕು ಅದರಲ್ಲಿ ಮರಿ ಹಾಕಿದೆ, ಮೂರು. ಹಸಿರು ಸೀರೆಯ ಮೇಲೇ. ಅವ್ವ ಸೀರೆ ಎಳೆಯಲು ಹೋಗಿ ಕೈ ಪರಚಿಸಿಕೊಂಡು ನಿನ್ನನ್ನು ಬೈದಳು.

ಮೇಧಿನಿ ತಿಂಗಳಿಗೊಮ್ಮೆ ಕರೆಸಿ ನೋಡುತ್ತಾಳೆ. ಟಾರ್ಚಿನ ಬೆಳಕಿಗೆ ಕಪ್ಪು ಸ್ವಲ್ಪ ಜಗ್ಗುತ್ತದಂತೆ, ತಡವಾಗಿ, ಮನಸ್ಸಿಲ್ಲದ ಮನಸ್ಸಿನಿಂದ. ಅಜ್ಜನಿಗೆ ಒಂದು ಕಿವಿ ಬಂದಿರಬೇಕು. ಮೇಲೆ ನೋಡುವುದು ಪೂರ್ತಿ ಬರುತ್ತದೆ ಎಂದು ಮಾತು ಕೊಡಲಾರೆ ಅಂದಳು. ನಮ್ಮ ಅಂಗಳದ ತೆಂಗಿನ ಮರವನ್ನು ಗುರುತು ಮಾಡಿಕೊಂಡಿದ್ದೇನೆ. ಜನವರಿಯಲ್ಲಿ ಬರೀ ಬುಡ ಕಾಣುತ್ತಿತ್ತು. ಈಗ ಕಾಂಡದ ಅರ್ಧದವರೆಗೆ ಹೋಗುತ್ತೇನೆ, ಅಲ್ಲಿ ಒಂದು ಮರಕುಟಿಗ ಕೊರೆದ ತೂತಿದೆ. ಅದರಿಂದಾಚೆಗೆ ಕಣ್ಣು ಹತ್ತುವುದಿಲ್ಲ. ಗೊನೆ ಇನ್ನೂ ದೂರ.

ಲೆಕ್ಕ ಹಾಕಿದೆ. ನಾನು ನಿಂತು, ನೀನೂ ನಿಂತರೆ, ನಿನ್ನ ಗದ್ದದವರೆಗೆ ನನಗೆ ಬರುತ್ತದೆ. ಅಲ್ಲಿಂದ ಮೇಲಿನದನ್ನು ನೆನಪಿನಿಂದ ತುಂಬಿಕೊಳ್ಳಬೇಕು. ನೆನಪಿದೆ. ಎಡ ಹುಬ್ಬಿನಲ್ಲಿ ಗೀರು, ಬಾಗಿಲು ಬಡಿದದ್ದು. ಈಗ ಅಲ್ಲಿಯ ಬಾಗಿಲುಗಳು ಇನ್ನೇನೇನು ಬರೆದಿವೆಯೋ ಗೊತ್ತಿಲ್ಲ.

ಬೇಸಿಗೆ ರಜಕ್ಕೆ ಬರುತ್ತೀಯ? ಬಸ್ ಸ್ಟ್ಯಾಂಡಿಗೆ ಬಂದು ಕಾಯುತ್ತೇನೆ.

ಮಂಜುನಾಥ


31 ಮಾರ್ಚ್ 2024
ದೇವದುರ್ಗ ತಾಲ್ಲೂಕು

ರೀ,

ಏಪ್ರಿಲ್ ಹನ್ನೆರಡನೇ ತಾರೀಖು ಹೊರಡುತ್ತೇನೆ. ಮರುದಿನ ಅರಸೀಕೆರೆಯಲ್ಲಿ ಇಳಿದು, ಜಾವಗಲ್ ಮೇಲೆ ಬರುವ ಬಸ್ಸು ಹಿಡಿದು, ಹತ್ತು ಗಂಟೆಗೆಲ್ಲ ಹಳೇಬೀಡಿನಲ್ಲಿರುತ್ತೇನೆ. ನಲವತ್ತೈದು ದಿನ ರಜ. ಆಮೇಲೆ ಮತ್ತೆ ಇಲ್ಲಿಗೆ ಬರಬೇಕು, ಒಂದು ವರ್ಷ. ಕಾಗದ ಬರೆಯುವುದು ತಪ್ಪುವುದಿಲ್ಲ. ಆದರೆ ಇನ್ನು ಮೇಲೆ ಮರುಳಪ್ಪನಿಗೆ ಆದದ್ದನ್ನೆಲ್ಲ ಮರುಳಪ್ಪನೇ ಬರೆಯಲಿ.

ಗದ್ದದವರೆಗೆ ಬರುತ್ತದೆ ಎಂದು ಬರೆದಿದ್ದೀರಲ್ಲ. ಅದನ್ನು ಓದಿದ ದಿನ ಹಳೆಯ ಅಭ್ಯಾಸದಂತೆ ಬೆನ್ನು ಬಗ್ಗಿಸಿ ನಿಂತು ನೋಡಿದೆ, ನಿಮ್ಮ ಲೆಕ್ಕಕ್ಕೆ ಸಿಗುತ್ತೇನೋ ಎಂದು. ಸಿಗುತ್ತೇನೆ. ಆದರೆ ನಾನು ಬಗ್ಗುವುದಿಲ್ಲ. ನೆಟ್ಟಗೆ ನಿಲ್ಲುವುದನ್ನು ಕಲಿಸಿದವರು ನೀವು.

ಆದ್ದರಿಂದ ನಾನು ಹೇಳಿದ ಹಾಗೆ ಮಾಡಿ. ಬಸ್ ಸ್ಟ್ಯಾಂಡಿಗೆ ಬರಬೇಡಿ. ಅಲ್ಲಿ ನಾನು ಬಸ್ಸಿನ ಮೆಟ್ಟಿಲ ಮೇಲಿರುತ್ತೇನೆ, ನೀವು ಕೆಳಗಿರುತ್ತೀರಿ. ಮೊದಲು ಕಾಣುವುದು ಸೀರೆಯ ನೆರಿಗೆ. ಎರಡು ವರ್ಷ ಅದನ್ನೇ ನೋಡಿದ್ದೀರಿ, ಸಾಕು. ನೀವು ಕೆರೆಯ ಏರಿಯ ಮೇಲೆ, ನಿಮ್ಮಜ್ಜ ಕೂರುತ್ತಿದ್ದ ಆ ತೂಬಿನ ಕಲ್ಲಿನ ಹತ್ತಿರ ನಿಂತಿರಿ. ಗದ್ದೆಯ ಕಡೆಗೆ ಮುಖ ಮಾಡಿ ಕೆಳಗೆ ನೋಡುತ್ತಿರಿ. ನಾನು ಗದ್ದೆಯ ಬದುವಿನ ಮೇಲೆ ಬಂದು ಏರಿಯ ಮೆಟ್ಟಿಲು ಹತ್ತುತ್ತೇನೆ. ದೂರದಿಂದ ಕೂಗುವುದಿಲ್ಲ. ಹತ್ತಿರ ಬಂದು ಹೆಗಲು ಮುಟ್ಟುತ್ತೇನೆ.

ಅಲ್ಲಿಯವರೆಗೆ ನೀವು ಕಣ್ಣೆತ್ತುವ ಕಷ್ಟ ತೆಗೆದುಕೊಳ್ಳಬೇಡಿ. ಈ ಸಲ ಮೇಲೆ ನೋಡುವ ಕಸುಬು ನನ್ನದು.

ನಿಮ್ಮ ಹೇಮಾ